ಕಾಲೇಜು ತೆರೆಯಿತು, ಫುಟ್‌ಬಾಲ್ ಮಾತ್ರ ಯಾಕೆ ನಿಂತಿತು?

ಪ್ರಶ್ನೆ: ನಾವು ಒಹಾಯೊದಲ್ಲಿದ್ದೇವೆ, ಹಾಸನದ ಕಡೆಯವರು. 2020ರಲ್ಲಿ ದೊಡ್ಡ ಮಗ ಇಲ್ಲಿನ ಒಂದು ಚಿಕ್ಕ ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಬಂದಿದ್ದ. ಫುಟ್‌ಬಾಲ್ ತಂಡದಲ್ಲಿದ್ದ. ಆ ಕೊರೊನಾ ಬೇಸಿಗೆಯಲ್ಲಿ ಕಾಲೇಜಿನಿಂದ ಮೇಲಿಂದ ಮೇಲೆ ಇಮೇಲ್ ಬರುತ್ತಿತ್ತು. ಸೀಸನ್ ನಡೆಸುವ ಭರವಸೆ ಇದೆ ಅಂತ. ಜುಲೈನಲ್ಲಿ ಫೀಸು ಕಟ್ಟಿದೆವು. ಆಗಸ್ಟ್‌ನಲ್ಲಿ ಸೀಸನ್ ಇಲ್ಲ, ಆದರೆ ಹುಡುಗರು ಕ್ಯಾಂಪಸ್ಸಿಗೆ ಬರಲಿ ಅಂದರು. ಹಾಸ್ಟೆಲ್‌ನಲ್ಲಿ ಸಾವಿರ ಮಕ್ಕಳನ್ನು ಇಟ್ಟುಕೊಳ್ಳಬಹುದು, ಆಟ ಆಡಿಸೋಕಾಗಲ್ಲ ಅಂದರೆ ಏನರ್ಥ? ಪಕ್ಕದಲ್ಲೇ ಒಹಾಯೊ ಸ್ಟೇಟ್‌ನವರು ಆಡಿದರಲ್ಲ! ಫೀಸಿಗೋಸ್ಕರ ನಮ್ಮನ್ನು ಕಾಯಿಸಿದರು ಅಂತ ನಮ್ಮ ಯಜಮಾನರು ಇವತ್ತಿಗೂ ಸಿಟ್ಟಾಗುತ್ತಾರೆ. ಈಗ ಚಿಕ್ಕ ಮಗನಿಗೆ ಅಂಥದೇ ಒಂದು ಕಾಲೇಜಿನ ಕೋಚ್ ಫೋನ್ ಮಾಡುತ್ತಿದ್ದಾರೆ. ನಂಬಬಹುದಾ?

ಉತ್ತರ: ನಿಮ್ಮ ಯಜಮಾನರ ಸಿಟ್ಟಿಗೆ ಕಾರಣ ಇದೆ. ಆದರೆ ಅವರು ಅಂದುಕೊಂಡಷ್ಟು ಸಲೀಸಾದ ಮೋಸ ಅದಲ್ಲ. ನಾನು ಅಮೆರಿಕದಲ್ಲಿ ಕ್ರೀಡಾ ಆಡಳಿತ ಪಾಠ ಮಾಡುವವಳು. ಚಿಕ್ಕ ಕಾಲೇಜುಗಳ ಆಯವ್ಯಯ ನೋಡುವುದೇ ನನ್ನ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಊರಿನಲ್ಲಿ ಕೂತು ಓದುವವರಿಗೆ ಮೊದಲು ಒಂದೆರಡು ಮಾತು. ಇದು ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬಿದ್ದು ಆಡುವ ಅಮೆರಿಕನ್ ಫುಟ್‌ಬಾಲ್ ವಿಷಯ. ಇಲ್ಲಿ ಕಾಲೇಜು ಆಟಗಳನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್. ಟಿವಿಯಲ್ಲಿ ಕಾಣುವ ಒಹಾಯೊ ಸ್ಟೇಟ್, ಅಲಬಾಮ ಎಲ್ಲ ಡಿವಿಷನ್ 1ರ ಮೇಲಿನ ಮೆಟ್ಟಿಲು. ಡಿವಿಷನ್ 3ರಲ್ಲಿ ಹೆಚ್ಚುಕಡಿಮೆ 450 ಕಾಲೇಜುಗಳಿವೆ. ಅವುಗಳಲ್ಲಿ ಸುಮಾರು 250 ಕಡೆ ಫುಟ್‌ಬಾಲ್ ಇದೆ. ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಆಡುವ ಹುಡುಗ ಫೀಸು ಕಟ್ಟಿಯೇ ಓದಬೇಕು. ಎನ್‌ಎಐಎ ಅಂತ ಇನ್ನೊಂದು ಸಂಸ್ಥೆಯೂ ಇದೆ, ಅದರಲ್ಲಿರುವುದು ಬಹುತೇಕ ಚಿಕ್ಕ ಕಾಲೇಜುಗಳೇ. ನಿಮ್ಮ ಮಗನ ಕಾಲೇಜು ಡಿವಿಷನ್ 3ರದ್ದು ಅಂದುಕೊಂಡು ಬರೆಯುತ್ತಿದ್ದೇನೆ.

ಚಿಕ್ಕ ಕಾಲೇಜಿನ ಫುಟ್‌ಬಾಲ್ ಅಂದರೆ ಸಣ್ಣ ವಿಷಯ ಅಂತ ಯಾರೂ ತಿಳಿಯಬೇಡಿ. ಮಿನೆಸೋಟದ ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ಸ್ ಕಾಲೇಜುಗಳ ಪಂದ್ಯಕ್ಕೆ 2017ರಲ್ಲಿ 37,355 ಜನ ಬಂದಿದ್ದರು. ಎರಡೂ ಆಗ ಡಿವಿಷನ್ 3ರವು. ಇಬ್ಬರೂ ಇದ್ದ ಕಾನ್ಫರೆನ್ಸನ್ನು, ಅಂದರೆ ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜುಗಳ ಗುಂಪನ್ನು, ಸೇಂಟ್ ಥಾಮಸ್ ಬಿಡಬೇಕಾಗಿ ಬಂದಿತ್ತು. 2020ರದ್ದು ಅವರಿಬ್ಬರ ಕೊನೆಯ ಕಾನ್ಫರೆನ್ಸ್ ಪಂದ್ಯ ಆಗಬೇಕಿತ್ತು. ನಡೆಯಲೇ ಇಲ್ಲ. 2019ರಲ್ಲಿ ಆಡಿದ್ದೇ ಕೊನೆಯದು ಅಂತ ಆ ದಿನ ಮೈದಾನದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಆದರೆ ಇಷ್ಟು ಜನ ಸೇರುವುದು ಅಪರೂಪ. ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಅಪ್ಪ ಅಮ್ಮ, ಗೆಳೆಯರು, ಊರಿನ ಒಂದಷ್ಟು ಹಿರಿಯರು ಬಂದು ಕೂರುತ್ತಾರೆ. ಟಿಕೆಟ್ ದುಡ್ಡು ಬಸ್ಸಿನ ಖರ್ಚಿಗೂ ಸಾಲುವುದಿಲ್ಲ. ಟಿವಿ ಹಣ ಅನ್ನುವುದು ಇಲ್ಲವೇ ಇಲ್ಲ. ಹಾಗಾದರೆ ಸಾವಿರ, ಸಾವಿರದೈನೂರು ವಿದ್ಯಾರ್ಥಿಗಳಿರುವ ಕಾಲೇಜು ನೂರು ಹುಡುಗರ ತಂಡ ಯಾಕೆ ಸಾಕುತ್ತದೆ?

ಆ ನೂರು ಹುಡುಗರೇ ಅದರ ಆದಾಯ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಲೆಕ್ಕ ಹೀಗಿದೆ. ಇಂಥ ಕಾಲೇಜಿನಲ್ಲಿ ಪಟ್ಟಿಯಲ್ಲಿ ಬರೆದ ಫೀಸು ಒಂದು, ಕೈಗೆ ಬರುವುದು ಇನ್ನೊಂದು. ಖಾಸಗಿ ಕಾಲೇಜುಗಳು ಮೊದಲ ವರ್ಷದವರಿಗೆ ಸರಾಸರಿ ಅರ್ಧಕ್ಕೂ ಜಾಸ್ತಿ ರಿಯಾಯಿತಿ ಕೊಡುತ್ತಿದ್ದ ಕಾಲ ಅದು. ರಿಯಾಯಿತಿ ಕಳೆದು, ಹಾಸ್ಟೆಲ್ ಮತ್ತು ಊಟದ ಹಣ ಸೇರಿಸಿ, ಒಬ್ಬ ಹುಡುಗನಿಂದ ವರ್ಷಕ್ಕೆ 20,000 ಡಾಲರ್ ಬರುತ್ತದೆ ಅಂತ ಇಟ್ಟುಕೊಳ್ಳಿ. ನೂರು ಹುಡುಗರಿಗೆ 20 ಲಕ್ಷ ಡಾಲರ್. ಕೋಚ್‌ಗಳ ಸಂಬಳ, ಹೆಲ್ಮೆಟ್ಟು, ಬಸ್ಸು ಎಲ್ಲ ಕಳೆದರೂ ಒಳ್ಳೆಯ ಮೊತ್ತ ಉಳಿಯುತ್ತದೆ. ಜೊತೆಗೆ ಇಲ್ಲಿನ ಕಾಲೇಜುಗಳಿಗೆ ಗಂಡು ಹುಡುಗರು ಸಿಗುವುದೇ ಕಷ್ಟ. ಫುಟ್‌ಬಾಲ್ ಅವರನ್ನು ಕರೆತರುತ್ತದೆ. ಮಿಶಿಗನ್‌ನ ಏಡ್ರಿಯನ್ ಕಾಲೇಜು ಹೊಸ ಹೊಸ ತಂಡಗಳನ್ನು ಕಟ್ಟುತ್ತಾ ಹೋಗಿ ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಂಡಿತು. ಅದರ ಆಗಿನ ಪ್ರೆಸಿಡೆಂಟ್ ಜೆಫ್ರಿ ಡಾಕಿಂಗ್ ಈ ದಾರಿಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಅವರನ್ನು ನೋಡಿ ಎಷ್ಟೋ ಕಾಲೇಜುಗಳು ಅದೇ ದಾರಿ ಹಿಡಿದವು.

ಈಗ 2020ರ ಬೇಸಿಗೆಗೆ ಬನ್ನಿ. ಮಾರ್ಚ್ 12ಕ್ಕೆ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್‌ನಿಂದ ಹಿಡಿದು ಆ ವರ್ಷದ ಉಳಿದ ಚಾಂಪಿಯನ್‌ಶಿಪ್‌ಗಳನ್ನೆಲ್ಲ ರದ್ದು ಮಾಡಿತು. ಅದೇ ತಿಂಗಳು ಇಲಿನಾಯ್‌ನ ಮ್ಯಾಕ್‌ಮರ್ರಿ ಕಾಲೇಜು ಬಾಗಿಲು ಹಾಕುತ್ತೇವೆ ಅಂತು. 1846ರಿಂದ ಇದ್ದ ಕಾಲೇಜು, ಡಿವಿಷನ್ 3ರ ಫುಟ್‌ಬಾಲ್ ತಂಡವೂ ಇತ್ತು. ಕೊರೊನಾಗೆ ಮೊದಲೇ ಅದು ಸೊರಗಿತ್ತು ಅನ್ನಿ. ಏಪ್ರಿಲ್‌ನಲ್ಲಿ ನಿಮ್ಮ ಒಹಾಯೊದ ಅರ್ಬಾನ ಯೂನಿವರ್ಸಿಟಿ ಮುಚ್ಚುವ ಸುದ್ದಿ ಬಂತು. ಅಲ್ಲೂ ಫುಟ್‌ಬಾಲ್ ಇತ್ತು, ಡಿವಿಷನ್ 2. ಅಂದರೆ ಫುಟ್‌ಬಾಲ್ ಇದ್ದ ಮಾತ್ರಕ್ಕೆ ಕಾಲೇಜು ಉಳಿಯುತ್ತದೆ ಅನ್ನುವ ಹಾಗಿಲ್ಲ. ಆ ಎರಡು ಸುದ್ದಿ ಓದಿದ ಚಿಕ್ಕ ಕಾಲೇಜಿನ ಪ್ರತಿಯೊಬ್ಬ ಪ್ರೆಸಿಡೆಂಟ್‌ಗೂ ಅವತ್ತು ನಿದ್ದೆ ಬಂದಿರಲಿಕ್ಕಿಲ್ಲ. ಸೆಪ್ಟೆಂಬರ್‌ನಲ್ಲಿ ಎಷ್ಟು ಜನ ಬರುತ್ತಾರೆ ಅನ್ನುವುದೊಂದೇ ಅವರ ತಲೆಯಲ್ಲಿದ್ದ ಪ್ರಶ್ನೆ. ಆ ಭಯ ಸುಳ್ಳೂ ಅಲ್ಲ. ಆ ವರ್ಷ ದೇಶದಾದ್ಯಂತ ಮೊದಲ ವರ್ಷಕ್ಕೆ ಸೇರುವವರು ಸುಮಾರು 13% ಕಡಿಮೆಯಾದರು.

ಆಟ ಬೇಡ ಅಂತ ಮೊದಮೊದಲು ಹೇಳಿದವರಲ್ಲಿ ಯಾರಿದ್ದರು ಗೊತ್ತಾ? ಮೇನ್ ರಾಜ್ಯದ ಬೋಡಿನ್ ಕಾಲೇಜು, ಜೂನ್ 22ಕ್ಕೆ. ಮೊದಲ ವರ್ಷದವರು ಮತ್ತು ಇನ್ನು ಕೆಲವರು ಮಾತ್ರ ಕ್ಯಾಂಪಸ್ಸಿಗೆ ಬರಲಿ, ಉಳಿದವರು ಮನೆಯಿಂದ ಓದಲಿ, ಆಟ ಇಲ್ಲ. ಒಂದೇ ಪತ್ರದಲ್ಲಿ ಎಲ್ಲ ಹೇಳಿ ಮುಗಿಸಿದರು. ನಂತರ ವಿಲಿಯಮ್ಸ್. ಜುಲೈ 10ಕ್ಕೆ ಇವೆರಡೂ ಇರುವ ನೆಸ್ಕ್ಯಾಕ್ ಅನ್ನುವ ಇಡೀ ಕಾನ್ಫರೆನ್ಸೇ ಕೈಬಿಟ್ಟಿತು. ಅದಕ್ಕೆ ಎರಡು ದಿನ ಮೊದಲು ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ನಿಲ್ಲಿಸಿತ್ತು.

ಇದರಲ್ಲಿ ವಿಚಿತ್ರ ಏನು ಅಂದರೆ, ಟೆಸ್ಟ್ ಮಾಡಿಸಿ ಆಡಿಸುವ ಶಕ್ತಿ ಇದ್ದದ್ದು ಇವರಿಗೇ. ವಿಲಿಯಮ್ಸ್ ಬಳಿ ನೂರಾರು ಕೋಟಿ ಡಾಲರ್ ನಿಧಿ ಇದೆ. ಆ ಕಡೆಯ ಕಾಲೇಜುಗಳಿಗೆ ಬಾಸ್ಟನ್ ಪಕ್ಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಒಂದು ಟೆಸ್ಟನ್ನು ಸುಮಾರು 25 ಡಾಲರ್‌ಗೆ ಮಾಡಿಕೊಡುತ್ತಿತ್ತು. ವಿಲಿಯಮ್ಸ್ ತನ್ನ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಸಲ ಟೆಸ್ಟ್ ಮಾಡಿಸಿತು. ಆದರೂ ಫುಟ್‌ಬಾಲ್ ಬೇಡ ಅಂತು. ಯಾಕೆಂದರೆ ಅಲ್ಲಿಗೆ ಫುಟ್‌ಬಾಲ್ ಇಲ್ಲದಿದ್ದರೂ ಮಕ್ಕಳು ಬಂದೇ ಬರುತ್ತಾರೆ. ಸೀಟಿಗಾಗಿ ಸಾಲು ನಿಂತಿರುತ್ತಾರೆ. ಇತ್ತ ಒಹಾಯೊ, ಇಂಡಿಯಾನ, ಅಯೋವದ ಚಿಕ್ಕ ಕಾಲೇಜುಗಳಿಗೆ ಟೆಸ್ಟಿಗೆ ದುಡ್ಡಿಲ್ಲ, ಲ್ಯಾಬಿಲ್ಲ. ಅವೇ ಕೊನೆಯವರೆಗೂ ನೋಡೋಣ, ನೋಡೋಣ ಅಂತಿದ್ದವು. ಆಡಿಸಲು ಸಾಧ್ಯವಾ ಅನ್ನುವುದಕ್ಕಿಂತ ಆಡಿಸಲ್ಲ ಅಂದರೆ ಹುಡುಗರು ಬರುತ್ತಾರಾ ಅನ್ನುವುದು ಅವುಗಳಿಗೆ ದೊಡ್ಡ ಪ್ರಶ್ನೆಯಾಗಿತ್ತು.

ಅಟ್ಲಾಂಟದ ಮೋರ್‌ಹೌಸ್ ಕಾಲೇಜನ್ನು ಇಲ್ಲಿ ನೆನೆಯಲೇಬೇಕು. ಕರಿಯರ ಶಿಕ್ಷಣಕ್ಕಾಗಿ ಹುಟ್ಟಿದ ಹೆಸರಾಂತ ಕಾಲೇಜು, ಡಿವಿಷನ್ 2. ಐವಿ ಲೀಗ್‌ನಷ್ಟು ಹಣವಂತರೇನಲ್ಲ. ಜೂನ್ 26ಕ್ಕೇ ಪ್ರೆಸಿಡೆಂಟ್ ಡೇವಿಡ್ ಥಾಮಸ್ ಫುಟ್‌ಬಾಲ್ ಇಲ್ಲ ಅಂದರು. ಆಟಗಾರರ ಸ್ಕಾಲರ್‌ಶಿಪ್ ಹಾಗೇ ಇರುತ್ತದೆ ಅಂತ ಜೊತೆಗೇ ಹೇಳಿದರು. ಕೊರೊನಾ ಕರಿಯರ ಮನೆಗಳನ್ನು ಹೆಚ್ಚು ಹೊಡೆಯುತ್ತಿದ್ದ ದಿನಗಳವು. ಆ ಬೇಸಿಗೆಯ ನಿರ್ಧಾರಗಳಲ್ಲಿ ನನಗೆ ಬಹಳ ಗೌರವ ಇರುವುದು ಇದರ ಬಗ್ಗೆ.

ಕ್ಯಾಂಪಸ್ ತೆರೆಯಬಹುದಾದರೆ ಆಟ ಯಾಕಾಗದು ಅಂತ ಕೇಳಿದ್ದೀರಿ. ಕೋಣೆಗೊಬ್ಬರನ್ನು ಇಡಬಹುದು. ಕ್ಲಾಸನ್ನು ಅರ್ಧ ಆನ್‌ಲೈನ್ ಮಾಡಬಹುದು. ಮೆಸ್‌ನಲ್ಲಿ ಊಟ ಪ್ಯಾಕ್ ಮಾಡಿ ಕೊಡಬಹುದು. ಹೊರಗಿನವರನ್ನು ಗೇಟಿನಲ್ಲೇ ತಡೆಯಬಹುದು. ಫುಟ್‌ಬಾಲ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಒಂದು ಬಿಟ್ಟು ಒಂದು ಶನಿವಾರ ಬೇರೆ ಊರಿನಿಂದ ಎರಡು ಬಸ್ಸು ತುಂಬ ಹುಡುಗರು ಬರುತ್ತಾರೆ, ಮಧ್ಯದ ಶನಿವಾರ ನಿಮ್ಮ ಹುಡುಗರು ಹೋಗುತ್ತಾರೆ. ಕ್ಯಾಂಪಸ್ ಸುತ್ತ ಹಾಕಿದ ಬೇಲಿಗೆ ಅಲ್ಲೇ ತೂತು ಬಿತ್ತು.

ಅದು ಬಿಡಿ. ತಂಡದೊಳಗೇ ನೋಡಿ. ಆಫೆನ್ಸಿವ್ ಲೈನ್ ಅಂತ ಐದು ಜನ ದಪ್ಪ ಹುಡುಗರು ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಎದುರಿನವರ ಮುಖ ಒಂದಡಿ ದೂರದಲ್ಲಿ. ಚೆಂಡು ಅಲುಗಿದ ತಕ್ಷಣ ಡಿಕ್ಕಿ, ಒದ್ದಾಟ, ಏದುಸಿರು. ಮತ್ತೆ ಎದ್ದು ಕೂರುತ್ತಾರೆ. ಇದು ಆಟದಲ್ಲಿ ಅರವತ್ತು ಎಪ್ಪತ್ತು ಸಲ. ಈ ಐದು ಜನ ಮತ್ತು ಅವರ ಬದಲಿಗಳು ಪ್ರಾಕ್ಟೀಸ್ ಮಾಡುವುದು ಒಂದೇ ಗುಂಪಾಗಿ, ವಿಡಿಯೊ ನೋಡುವುದು ಒಂದೇ ಕೋಣೆಯಲ್ಲಿ. ಉಣ್ಣುವುದು ಒಂದೇ ಮೇಜಿನಲ್ಲಿ, ಸಾಧಾರಣವಾಗಿ ವಾಸ ಕೂಡ ಅಕ್ಕಪಕ್ಕದ ಕೋಣೆಯಲ್ಲಿ. ಆಗಿನ ನಿಯಮದ ಪ್ರಕಾರ ಸೋಂಕಿತನ ಆರು ಅಡಿಯೊಳಗೆ 15 ನಿಮಿಷ ಇದ್ದವರು 14 ದಿನ ಕ್ವಾರಂಟೈನ್‌ನಲ್ಲಿರಬೇಕಿತ್ತು. ಒಬ್ಬನಿಗೆ ಪಾಸಿಟಿವ್ ಬಂತು ಅಂದರೆ ಇಡೀ ಲೈನ್ ಹೋಯಿತು. 14 ದಿನ ಅಂದರೆ ಎರಡು ಪಂದ್ಯ. ಡಿವಿಷನ್ 3ರ ಸೀಸನ್ನೇ 10 ಪಂದ್ಯದ್ದು. ಲೈನ್ ಇಲ್ಲದೆ ಆಡಿಸಿದರೆ ಅದರ ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹುಡುಗನ ಪಕ್ಕೆಲುಬು ಉಳಿಯುವುದಿಲ್ಲ.

ಅದಕ್ಕೇ ಎನ್‌ಸಿಎಎ ಜುಲೈ 16ಕ್ಕೆ ಒಂದು ಮಾರ್ಗಸೂಚಿ ಹೊರಡಿಸಿತು. ಫುಟ್‌ಬಾಲ್‌ನಂಥ ಮೈ ತಾಗುವ ಆಟಗಳಲ್ಲಿ ಪಂದ್ಯಕ್ಕೆ ಮುಂಚಿನ 72 ಗಂಟೆಯೊಳಗೆ ಟೆಸ್ಟ್ ಆಗಬೇಕು ಅಂತ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದೇ ಜುಲೈನಲ್ಲಿ ದೇಶದ ದೊಡ್ಡ ಲ್ಯಾಬುಗಳಲ್ಲೂ ರಿಸಲ್ಟ್ ಬರಲು ವಾರ ಹಿಡಿಯುತ್ತಿತ್ತು! ಖರ್ಚು ಬೇರೆ. ಒಂದು ಪಿಸಿಆರ್ ಟೆಸ್ಟಿಗೆ ಮೆಡಿಕೇರ್, ಅಂದರೆ ಹಿರಿಯರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆ, ಕೊಡುತ್ತಿದ್ದ ದರವೇ 100 ಡಾಲರ್. ನೂರು ಹುಡುಗರಿಗೆ ವಾರಕ್ಕೊಂದರಂತೆ 10,000 ಡಾಲರ್. 10 ವಾರಕ್ಕೆ ಒಂದು ಲಕ್ಷ. ಇದು ಫುಟ್‌ಬಾಲ್ ಒಂದಕ್ಕೇ. ಸಾಕರ್, ವಾಲಿಬಾಲ್ ತಂಡಗಳ ಪೋಷಕರು ಸುಮ್ನೆ ಇರುತ್ತಾರಾ? ಐದು ಡಾಲರ್‌ನ, 15 ನಿಮಿಷದಲ್ಲಿ ರಿಸಲ್ಟ್ ಕೊಡುವ ಬಿನಾಕ್ಸ್‌ನೌ ಕಿಟ್‌ಗೆ ಅನುಮತಿ ಸಿಕ್ಕಿದ್ದು ಆಗಸ್ಟ್ 26ಕ್ಕೆ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

ಮುಗಿದದ್ದು ಆಗಸ್ಟ್ 5ಕ್ಕೆ. ಅವತ್ತು ಎನ್‌ಸಿಎಎಯ ಮೇಲಿನ ಮಂಡಳಿ ಆಯಾ ಡಿವಿಷನ್ನೇ ತೀರ್ಮಾನಿಸಲಿ ಅಂತು. ಒಂದು ಆಟದಲ್ಲಿ ಅರ್ಧದಷ್ಟು ತಂಡಗಳು ಸೀಸನ್ ಬಿಟ್ಟರೆ ಆ ಆಟಕ್ಕೆ ಶರತ್ಕಾಲದ ಚಾಂಪಿಯನ್‌ಶಿಪ್ ಇಲ್ಲ ಅಂತ ಷರತ್ತೂ ಹಾಕಿತು. ಕೊರೊನಾಗೆ ಸಂಬಂಧಿಸಿದ ಕಾನೂನು ಹಕ್ಕು ಬಿಟ್ಟುಕೊಡುವಂತೆ ಆಟಗಾರರಿಂದ ಸಹಿ ಹಾಕಿಸಬಾರದು ಅಂತಲೂ ಹೇಳಿತು. ಅಂಥ ಕಾಗದಕ್ಕೆ ಸಹಿ ಕೇಳಿದ ಕಾಲೇಜುಗಳಿದ್ದವು, ಅದಕ್ಕೇ ಈ ಮಾತು ಬಂದದ್ದು. ಅದೇ ದಿನ ಡಿವಿಷನ್ 2 ಮತ್ತು 3 ಚಾಂಪಿಯನ್‌ಶಿಪ್ ರದ್ದು ಮಾಡಿದವು. ಸೀಸನ್ ಆಡುವುದು ಬಿಡುವುದು ಕಾನ್ಫರೆನ್ಸುಗಳಿಗೆ ಬಿಟ್ಟದ್ದು ಅಂತ ಲೆಕ್ಕ. ಆದರೆ ಕೊನೆಯಲ್ಲಿ ಕಪ್ಪೇ ಇಲ್ಲ ಅಂದ ಮೇಲೆ ಲಕ್ಷ ಡಾಲರ್ ಸುರಿದು ಆಡಿಸುವವರು ಯಾರು? ಬಹುಪಾಲು ಕಾನ್ಫರೆನ್ಸುಗಳು ಆಗಲೇ ಕೈಬಿಟ್ಟಿದ್ದವು, ಉಳಿದವೂ ಹಿಂದೆ ಸರಿದವು.

ಒಹಾಯೊ ಸ್ಟೇಟ್ ವಿಷಯಕ್ಕೆ ಬರೋಣ. ಅವರ ಬಿಗ್ ಟೆನ್ ಕಾನ್ಫರೆನ್ಸ್ ಕೂಡ ಆಗಸ್ಟ್ 11ಕ್ಕೆ ಸೀಸನ್ ಮುಂದೂಡಿತ್ತು. ಸೆಪ್ಟೆಂಬರ್ 16ಕ್ಕೆ ಮಾತು ಬದಲಿಸಿತು. ಆಟಗಾರರಿಗೆ ದಿನಾ ಟೆಸ್ಟ್, ಪಾಸಿಟಿವ್ ಬಂದರೆ ಕನಿಷ್ಠ 21 ದಿನ ಆಟ ಇಲ್ಲ, ವಾಪಸ್ ಬರುವ ಮುಂಚೆ ಹೃದಯದ ಎಂಆರ್‌ಐ. ಆ ಕಾನ್ಫರೆನ್ಸಿನ ಹಳೆಯ ಯೂನಿವರ್ಸಿಟಿಗಳಿಗೆ ಆಗ ವರ್ಷಕ್ಕೆ ತಲಾ 5 ಕೋಟಿ ಡಾಲರ್‌ಗೂ ಜಾಸ್ತಿ ಹಂಚಿಕೆಯಾಗುತ್ತಿತ್ತು, ಅದರಲ್ಲಿ ಬಹುಪಾಲು ಟಿವಿಯದ್ದು. ಹಾಗಾಗಿ ದಿನಾ ಟೆಸ್ಟ್ ಮಾಡಿಸುವುದು ಅವರಿಗೆ ಕಷ್ಟ ಆಗಲಿಲ್ಲ. ಅಷ್ಟೆಲ್ಲ ಮಾಡಿಯೂ ಒಹಾಯೊ ಸ್ಟೇಟ್ ಹಾಕಿಕೊಂಡ ಎಂಟು ಪಂದ್ಯಗಳಲ್ಲಿ ಆಡಿದ್ದು ಐದು. ಮೂರು ರದ್ದಾದವು. ಕಾನ್ಫರೆನ್ಸ್ ಫೈನಲ್‌ಗೆ ಕನಿಷ್ಠ ಆರು ಪಂದ್ಯ ಬೇಕು ಅನ್ನುವ ನಿಯಮವನ್ನೇ ಅವರಿಗಾಗಿ ಬಿಟ್ಟುಕೊಡಬೇಕಾಯಿತು. ಮಿಶಿಗನ್ ವಿರುದ್ಧದ ಪಂದ್ಯ 1918ರಿಂದ ಒಂದು ವರ್ಷವೂ ತಪ್ಪಿರಲಿಲ್ಲ, 2020ರಲ್ಲಿ ತಪ್ಪಿತು. ನಿಮ್ಮೂರಿನಲ್ಲಿ ಅವತ್ತು ಹೇಗಿತ್ತು ಅಂತ ನಿಮಗೇ ಚೆನ್ನಾಗಿ ಗೊತ್ತು.

ಹೃದಯದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಆಗಸ್ಟ್‌ನಲ್ಲಿ ಕೋಚ್‌ಗಳನ್ನು ನಿಜವಾಗಿ ಹೆದರಿಸಿದ್ದು ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿಗೆ ಬರುವ ಊತ. ಒಹಾಯೊ ಸ್ಟೇಟ್‌ನ ವೈದ್ಯರೇ ಕೊರೊನಾ ಬಂದು ಹೋಗಿದ್ದ 26 ಆಟಗಾರರ ಎಂಆರ್‌ಐ ಮಾಡಿ ನಾಲ್ವರಲ್ಲಿ ಅದರ ಲಕ್ಷಣ ಕಂಡರು. ಸೆಪ್ಟೆಂಬರ್‌ನಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಹದಿನೈದು ಅಂದರೆ ಯಾರಿಗೆ ಭಯ ಆಗಲ್ಲ? ಮರುವರ್ಷ ಬಿಗ್ ಟೆನ್‌ನ 1,597 ಆಟಗಾರರ ಲೆಕ್ಕ ಬಂದಾಗ ಅದು 37 ಜನ, ಅಂದರೆ 2.3% ಆಯಿತು. ಭಯ ದೊಡ್ಡದಾಗಿತ್ತು ಅಂತ ಈಗ ಹೇಳುವುದು ಸುಲಭ. ಆಗ ಕೈಯಲ್ಲಿದ್ದದ್ದು ಆ 26 ಜನರದ್ದರಂಥ ಸಣ್ಣ ಲೆಕ್ಕಗಳು ಮಾತ್ರ. ಅದೇ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯದ ಡಿವಿಷನ್ 2 ಕಾಲೇಜೊಂದರ 20 ವರ್ಷದ ಆಟಗಾರ ಕೊರೊನಾ ಬಂದ ಮೇಲೆ ರಕ್ತ ಹೆಪ್ಪುಗಟ್ಟಿ ತೀರಿಕೊಂಡ. ಅವನ ತಂಡದ ಸೀಸನ್ ಆಗಲೇ ರದ್ದಾಗಿತ್ತು. ಆಟ ನಿಲ್ಲಿಸಿದರೆ ಎಲ್ಲ ಸುರಕ್ಷಿತ ಅನ್ನುವುದೂ ಸುಳ್ಳಾಗಿತ್ತು ಅನ್ನುವುದಕ್ಕೆ ಈ ಮಾತು ಹೇಳಿದೆ.

ಈಗ ಫೀಸಿನ ವಿಷಯ. ಬೇಕು ಅಂತಲೇ ಕಾಯಿಸಿದರಾ? ನನ್ನ ಅಭಿಪ್ರಾಯ ಹೇಳುತ್ತೇನೆ. ಜೂನ್‌ವರೆಗೂ ಯಾರಿಗೂ ಏನೂ ಗೊತ್ತಿರಲಿಲ್ಲ. ಆಗ ಭರವಸೆ ಇದೆ ಅಂತ ಬರೆದವರನ್ನು ನಾನು ದೂರುವುದಿಲ್ಲ. ಆದರೆ 72 ಗಂಟೆಯ ನಿಯಮ ಬಂದ ಮೇಲೆ ಲೆಕ್ಕ ಬಲ್ಲ ಯಾವ ಪ್ರೆಸಿಡೆಂಟ್‌ಗಾದರೂ ಇದು ಆಗದ ಮಾತು ಅಂತ ಹೊಳೆದಿರಬೇಕು. ಆಮೇಲೂ ಅದೇ ಭರವಸೆಯ ಇಮೇಲ್ ಕಳಿಸಿದ್ದರೆ ಅದು ಸರಿಯಲ್ಲ. ಛತ್ರಕ್ಕೆ ಪೂರ್ತಿ ದುಡ್ಡು ಕಟ್ಟಿಸಿಕೊಂಡ ಮೇಲೆ ಅಡುಗೆಮನೆ ಕೊಡಲ್ಲ ಅಂದ ಹಾಗೆ.

ಹೇಳದೇ ಇರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಒಂದು ಕಾಲೇಜು ಮೊದಲು ಆಟ ಇಲ್ಲ ಅಂದರೆ ಅದರ ಹುಡುಗರನ್ನು ಪಕ್ಕದ ಕಾಲೇಜು ಕರೆಯುತ್ತದೆ. ನಮ್ಮಲ್ಲಿ ಇನ್ನೂ ಭರವಸೆ ಇದೆ, ಬಾ ಅಂತ. ಹಾಗಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಕಾನ್ಫರೆನ್ಸಿನ ಪ್ರೆಸಿಡೆಂಟ್‌ಗಳೆಲ್ಲ ಒಟ್ಟಿಗೆ ಸೇರಿ ಒಂದೇ ದಿನ ಪ್ರಕಟಿಸಿದ್ದು ಅದಕ್ಕೇ. ಇಂಥ ದಿನಾಂಕಕ್ಕೆ ತೀರ್ಮಾನ ಹೇಳುತ್ತೇವೆ, ಆಟ ಇಲ್ಲದಿದ್ದರೆ ಬಿಡಲು ಇಚ್ಛಿಸುವವರಿಗೆ ಫೀಸು ವಾಪಸ್ ಕೊಡುತ್ತೇವೆ ಅಂತ ಎರಡು ಸಾಲು ಬರೆದಿದ್ದರೆ ಸಾಕಿತ್ತು. ಬರೆಯುವುದು ಕಷ್ಟ ಆಗಿತ್ತು ಅಂತ ನನಗೆ ಗೊತ್ತು. ಆದರೂ ಬರೆಯಬೇಕಿತ್ತು.

ಸೀಸನ್ ಇಲ್ಲದಿದ್ದರೂ ಹುಡುಗರನ್ನು ಕ್ಯಾಂಪಸ್ಸಿಗೆ ಕರೆದದ್ದೂ ಇದೇ ಲೆಕ್ಕದಲ್ಲಿ. ಮನೆಯಲ್ಲಿ ಕೂತು ಓದುವವನು ಹಾಸ್ಟೆಲ್ ಬಾಡಿಗೆ ಕೊಡುವುದಿಲ್ಲ, ಊಟದ ಹಣ ಕೊಡುವುದಿಲ್ಲ. ಮಾತಿಗೆ ಹೇಳುತ್ತೇನೆ, ದೊಡ್ಡ ಯೂನಿವರ್ಸಿಟಿಗಳೂ ಇದರಲ್ಲಿ ಮುಗ್ಗರಿಸಿದವು. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನ ಯೂನಿವರ್ಸಿಟಿ ಆಗಸ್ಟ್ 10ಕ್ಕೆ ಕ್ಲಾಸು ಶುರು ಮಾಡಿ 17ಕ್ಕೇ ಆನ್‌ಲೈನ್‌ಗೆ ಹೋಗುತ್ತೇವೆ ಅಂತು. ಇನ್ನು ನಮ್ಮ ಊರುಗಳಿಂದ ಬಂದಿದ್ದ ಮಕ್ಕಳ ಪಾಡು ಬೇರೆಯೇ. ಪೂರ್ತಿ ಆನ್‌ಲೈನ್ ಓದುವ ವಿದೇಶಿ ವಿದ್ಯಾರ್ಥಿಗಳು ದೇಶದಲ್ಲಿರುವಂತಿಲ್ಲ ಅಂತ ಜುಲೈ 6ಕ್ಕೆ ಸರ್ಕಾರ ಆದೇಶ ಹೊರಡಿಸಿ, ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದ ಮೇಲೆ 14ಕ್ಕೆ ವಾಪಸ್ ತೆಗೆದುಕೊಂಡಿತ್ತು. ಆ ಎಂಟು ದಿನ ಇಲ್ಲಿನ ಎಷ್ಟು ಕನ್ನಡ ಮನೆಗಳಲ್ಲಿ ಫೋನು ಬಡಿದುಕೊಂಡವೋ.

ಮಗನ ಒಂದು ವರ್ಷ ಹೋಯಿತು ಅನ್ನುವ ಕೊರಗು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ನಿಯಮದ ಪ್ರಕಾರ ಹೋಗಲಿಲ್ಲ. ಒಬ್ಬ ಆಟಗಾರನಿಗೆ ಇಷ್ಟೇ ಸೀಸನ್ ಅಂತ ಲೆಕ್ಕ ಇರುತ್ತದೆ, ಅದರಲ್ಲಿ 2020-21ರದ್ದನ್ನು ಯಾರ ಖಾತೆಯಿಂದಲೂ ಕಳೆಯಲಿಲ್ಲ. ಆದರೆ ಡಿವಿಷನ್ 3ರಲ್ಲಿ ಆ ವರ್ಷವನ್ನು ವಾಪಸ್ ಪಡೆಯಲು ಇನ್ನೊಂದು ವರ್ಷ ಫೀಸು ಕಟ್ಟಿ ಓದಬೇಕು. ಫುಟ್‌ಬಾಲ್ ಆಡಲು ಡಿಗ್ರಿ ಒಂದು ವರ್ಷ ಮುಂದಕ್ಕೆ ಹಾಕುತ್ತೇನೆ ಅಂತ ಮಗ ಹೇಳಿದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ ಅಲ್ವಾ. ಕೆಲವು ಕಾನ್ಫರೆನ್ಸುಗಳು 2021ರ ವಸಂತದಲ್ಲಿ ನಾಲ್ಕಾರು ಪಂದ್ಯ ಆಡಿಸಿದವು. ಎನ್‌ಎಐಎಯ ಕೆಲವು ಕಾಲೇಜುಗಳು 2020ರ ಶರತ್ಕಾಲದಲ್ಲೇ ಆಡಿದವು, ಅವರ ಫೈನಲ್ ಮಾತ್ರ 2021ರ ಮೇ ತಿಂಗಳಿಗೆ ಹೋಯಿತು. ಕೆಂಟಕಿಯ ಲಿಂಡ್ಸಿ ವಿಲ್ಸನ್ ಕಾಲೇಜು ಗೆದ್ದಿತು. ಡಿವಿಷನ್ 3ರ ಫೈನಲ್ ಆದ ಸ್ಟ್ಯಾಗ್ ಬೌಲ್ 2020ರಲ್ಲಿ ನಡೆಯಲೇ ಇಲ್ಲ. ಮತ್ತೆ ನಡೆದದ್ದು 2021ರ ಡಿಸೆಂಬರ್‌ನಲ್ಲಿ, ನಿಮ್ಮದೇ ರಾಜ್ಯದ ಕ್ಯಾಂಟನ್‌ನಲ್ಲಿ.

ಇನ್ನು ಚಿಕ್ಕ ಮಗನ ಕೋಚ್. ಫೋನ್ ಬರುತ್ತಿದೆ ಅಂದ ಮಾತ್ರಕ್ಕೆ ಮೋಸ ಅಂದುಕೊಳ್ಳಬೇಡಿ. ಹುಡುಗ ಚೆನ್ನಾಗಿ ಆಡುತ್ತಿರಬಹುದು. ಆದರೆ ಇಂಥ ಕಾಲೇಜುಗಳಲ್ಲಿ ಕೋಚ್‌ಗೆ ಪಂದ್ಯ ಗೆಲ್ಲುವುದರ ಜೊತೆಗೆ ವರ್ಷಕ್ಕೆ ಇಷ್ಟು ಹುಡುಗರನ್ನು ತರಬೇಕು ಅನ್ನುವ ಲೆಕ್ಕವೂ ಇರುವುದು ಮಾಮೂಲಿ. ಅದು ನಿಮಗೆ ಗೊತ್ತಿದ್ದರೆ ಸಾಕು. ಕಾಲೇಜಿನ ವೆಬ್‌ಸೈಟ್‌ನಲ್ಲಿ ತಂಡದ ಪಟ್ಟಿ ಇರುತ್ತದೆ, ಪ್ರತಿ ಹೆಸರಿನ ಮುಂದೆ ಯಾವ ವರ್ಷ ಅಂತ ಬರೆದಿರುತ್ತದೆ. ಮೊದಲ ವರ್ಷದವರು ಎಷ್ಟು, ಕೊನೆಯ ವರ್ಷದವರು ಎಷ್ಟು ಅಂತ ಎಣಿಸಿ. ಮೊದಲ ವರ್ಷದಲ್ಲಿ 50, ಕೊನೆಯ ವರ್ಷದಲ್ಲಿ 10 ಇದ್ದರೆ ಮಧ್ಯದಲ್ಲಿ ಆ 40 ಜನ ಎಲ್ಲಿ ಹೋದರು ಅಂತ ಕೋಚ್‌ನನ್ನೇ ಕೇಳಿ. ಆಟ ಬಿಟ್ಟು ಅಲ್ಲೇ ಓದಿದರಾ, ಕಾಲೇಜೇ ಬಿಟ್ಟರಾ? ನಿಜ ಹೇಳುವ ಕೋಚ್ ಇದಕ್ಕೆ ತಡವರಿಸುವುದಿಲ್ಲ.

ಕಾಲೇಜಿನ ಹಣಕಾಸು ನೋಡುವುದೂ ಅಂಥ ಕಷ್ಟ ಅಲ್ಲ. ಖಾಸಗಿ ಕಾಲೇಜುಗಳಿಗೆ ಅಮೆರಿಕದ ಶಿಕ್ಷಣ ಇಲಾಖೆ ಮೈನಸ್ 1ರಿಂದ 3ರವರೆಗೆ ಒಂದು ಅಂಕ ಕೊಡುತ್ತದೆ. ಇಲಾಖೆಯೇ ಪ್ರಕಟಿಸುತ್ತದೆ. 1.5ಕ್ಕಿಂತ ಕೆಳಗಿದ್ದರೆ ಹೆಚ್ಚಿನ ನಿಗಾ ಬೇಕು ಅಂತ ಅರ್ಥ. ಆ ಒಂದು ಅಂಕ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕೈದು ವರ್ಷದ್ದು ಸಾಲಾಗಿ ನೋಡಿ. ಜೊತೆಗೆ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತಲೂ ನೋಡಿ. ಎರಡೂ ಇಳಿಯುತ್ತಿದ್ದರೆ ನಾನಂತೂ ಆ ಕಾಲೇಜಿಗೆ ನನ್ನ ಮಗನನ್ನು ಕಳಿಸುವುದಿಲ್ಲ, ಕೋಚ್ ಎಷ್ಟೇ ಒಳ್ಳೆಯವರಾಗಿರಲಿ.

ಕೊನೆಯದಾಗಿ ರಿಯಾಯಿತಿ ಪತ್ರ. ಡಿವಿಷನ್ 3 ಆದರೆ ಅದರಲ್ಲಿರುವ ಹಣಕ್ಕೂ ಫುಟ್‌ಬಾಲ್‌ಗೂ ಸಂಬಂಧ ಇರುವಂತಿಲ್ಲ. ಮಗ ಮೂರನೇ ವಾರಕ್ಕೇ ಆಟ ಬಿಟ್ಟರೂ ಆ ಹಣ ನಿಲ್ಲಬಾರದು. ಕೋಚ್ ಬಾಯಲ್ಲಿ ಬೇರೆ ಥರ ಬಂದರೆ ಎಚ್ಚರವಾಗಿ. ಕೋಚ್ ಹತ್ತಿರ ಅಲ್ಲ, ಫೈನಾನ್ಶಿಯಲ್ ಏಡ್ ಆಫೀಸಿಗೆ ಇಮೇಲ್ ಹಾಕಿ ಎರಡು ವಿಷಯ ಬರಹದಲ್ಲಿ ತರಿಸಿಕೊಳ್ಳಿ: ಈ ರಿಯಾಯಿತಿ ನಾಲ್ಕೂ ವರ್ಷ ಸಿಗಲು ಎಷ್ಟು ಜಿಪಿಎ (ಸರಾಸರಿ ಅಂಕ) ಬೇಕು, ಮತ್ತು ಕ್ಲಾಸು ಶುರುವಾಗುವ ಮುಂಚೆ ಬಿಟ್ಟರೆ ಕಟ್ಟಿದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ. 2020ರ ಜುಲೈನಲ್ಲಿ ನಿಮ್ಮ ಕೈಯಲ್ಲಿ ಇರಬೇಕಿದ್ದದ್ದು ಈ ಎರಡನೆಯ ಉತ್ತರ.